ಮಂಗೇಶ ಬಣ್ಣ ಬಳಿದ ಯುಕುಲೇಲಿ

ಕಡಲ ದಂಡೆಯ ನಮ್ಮೂರು ಕೇಣಿಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುವ ಮಂಗೇಶ ನನ್ನ ತಂಗಿ ದುರ್ಗಾಳ ಗಂಡ. ಅವನ ಕೈಗೆ ಕುಂಚ ಸಿಕ್ಕಿದರೆ ಮುಗಿಯಿತು, ಮನೆಯಲ್ಲಿ ಯಾವುದೂ ತನ್ನ ಬಣ್ಣದಲ್ಲಿ ಉಳಿಯುವುದಿಲ್ಲ. ಬಾವಿಯ ರಾಟೆ ಹಸಿರು, ಅಡುಗೆಮನೆಯ ಸ್ಟೂಲು ಹಳದಿ, ಹಿತ್ತಿಲ ತೆಂಗಿನ ಬುಡಕ್ಕೆ ಕೆಂಪು ಪಟ್ಟಿ. ಒಮ್ಮೆ ನನ್ನ ಕೊಡೆಯ ಹಿಡಿಗೂ ಬಳಿದುಕೊಟ್ಟಿದ್ದ. ಮೂರು ದಿನ ಅಂಗೈ ನೀಲಿಯಾಗಿತ್ತು. ಕಾರವಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದ ನಾನು, ಹಣೆಬರಹಕ್ಕೆ, ಇವನ ಪಕ್ಕದ ಮನೆಯಲ್ಲೇ ಇದ್ದೇನೆ. ಕಂಡರೆ ಮೈ ಉರಿಯುತ್ತದೆ.

ಅವನ ಮಗಳು ಪ್ರೇಕ್ಷಾ ಕಾರವಾರದಲ್ಲಿ ಕಾಲೇಜಿಗೆ ಹೋಗುತ್ತಾಳೆ. ವರ್ಷದಿಂದ ಫೋನ್ ನೋಡಿಕೊಂಡೇ ಯುಕುಲೇಲಿ ಕಲಿತವಳು. ಗಿಟಾರಿನ ಮರಿಯಂತಿರುವ, ನಾಲ್ಕು ತಂತಿಯ ವಾದ್ಯ ಅದು. ಶನಿವಾರ ಕಾಲೇಜಿನಲ್ಲಿ ಸ್ಪರ್ಧೆ, ಮೊದಲ ಬಾರಿ ವೇದಿಕೆ ಹತ್ತುವವಳಿದ್ದಳು. ಬೋಳು ಮರ ವೇದಿಕೆಗೆ ಚೆಂದ ಕಾಣುವುದಿಲ್ಲವೆಂದು, ಪಾಪ, ಹೋಗಿ ಹೋಗಿ ಅಪ್ಪನನ್ನೇ ಕೇಳಿದಳು.

ಕೇಳಿದ್ದೇ ತಡ, ಮಂಗೇಶ ಜಗಲಿಯಲ್ಲಿ ಕಾರ್ಖಾನೆ ತೆರೆದ. ತಂತಿ ಬಿಚ್ಚಿದ, ಪಾಲಿಶ್ ಪೇಪರಿನಿಂದ ತಿಕ್ಕಿದ. ನೀಲಿಯ ಮೇಲೆ ಕಿತ್ತಳೆ ಪಟ್ಟಿ, ಅಂಚಿಗೆ ಬಿಳಿ ಅಲೆ. ಕೊನೆಗೆ ಮಗಳ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಎರಡೂ ಮಗ್ಗುಲಿಗೆ ಬರೆದ. ಒಂದು ಕಡೆ ಸಾಲದೇ ಎಂದು ಕೇಳಿದೆ.

"ಎರಡೂ ಬದಿ ಬರೀಬೇಕು ಭಾವ. ಇಲ್ದಿದ್ರೆ ಬಂದರದಲ್ಲಿ ಒಪ್ಪೂದಿಲ್ಲ" ಎಂದ.

ದೋಣಿಯ ಹೆಸರಿಗಾದರೆ ಸರಿ, ಕಾಲೇಜಿನ ವೇದಿಕೆಗೆ ಯಾವ ಬಂದರದವರು ಬರುತ್ತಾರೋ, ಅವನಿಗೇ ಗೊತ್ತು.

ಸುಳ್ಳು ಹೇಳಬಾರದು, ಒಣಗಿದ ಮೇಲೆ ಚೆನ್ನಾಗಿಯೇ ಕಂಡಿತು. ತಂತಿ ಕಟ್ಟಿ ಪ್ರೇಕ್ಷಾ ಮೀಟಿದಾಗ ದನಿಯೂ ಸರಿಯಿತ್ತು. ಅವಳು ಅಪ್ಪನ ಕೆನ್ನೆ ಹಿಂಡಿದಳು. ಮಂಗೇಶ ಎದೆಯುಬ್ಬಿಸಿ ನನ್ನತ್ತ ನೋಡಿದ. ನನಗೆ ತಡೆಯಲಾಗಲಿಲ್ಲ.

"ಹೊರಗೆಲ್ಲಾ ಬಳ್ದೆ, ಒಳಗೆ? ದೋಣಿ ಆದ್ರೆ ಹಿಂಗೇ ಬಿಡ್ತಿದ್ಯಾ?" ಎಂದೆ.

ಚುಚ್ಚಿ ಹೇಳಿದ್ದು. ಆದರೆ ಅವನಿಗೆ ಕುಹಕ ಯಾವುದು, ಸಲಹೆ ಯಾವುದು ಎಂದು ಗೊತ್ತಾಗುವುದಿಲ್ಲ. ಮುಖ ಗಂಭೀರವಾಯಿತು.

"ಹೌದು ಭಾವ. ಮರ ಕೊಳೆಯೂದೇ ಒಳಗಿಂದ. ಇಲ್ಲಿ ಉಪ್ಪುಗಾಳಿ ಬೇರೆ" ಎಂದ.

ಶುಕ್ರವಾರ ಮಗಳು ಕಾಲೇಜಿಗೆ ಹೋದ ಮೇಲೆ ತಂತಿ ಸಡಿಲಿಸಿ, ದೋಣಿಯ ತಳಕ್ಕೆ ಹಾಕುವ ರೆಸಿನ್ ಅಂಟನ್ನು ವಾದ್ಯದ ದುಂಡು ತೂತಿನೊಳಗೆ ಸುರಿದು, ಮೂಲೆ ಮೂಲೆಗೂ ಹರಿಯುವಂತೆ ಅತ್ತಿತ್ತ ವಾಲಿಸಿದ. ಒಂದು ಸಲ ಗಟ್ಟಿಯಾದ ಮೇಲೆ ಇನ್ನೊಂದು ಸಲ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಟೊಳ್ಳಿದ್ದರೇ ದನಿ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಆದರೂ ಬೇಡ ಎನ್ನಲಿಲ್ಲ. ಇವನ ಪೆದ್ದುತನ ಎಲ್ಲಿಯವರೆಗೆ ಹೋಗುತ್ತದೆ ನೋಡೋಣ ಎಂಬ ಖುಷಿ ನನಗೆ.

ಸಂಜೆ ಪ್ರೇಕ್ಷಾ ತಂತಿ ಬಿಗಿದು ಮೀಟಿದಳು. ಹಲಗೆಗೆ ಬೆರಳು ತಟ್ಟಿದಂಥ ಸದ್ದು. ಮತ್ತೆ ಬಿಗಿದಳು, ಮತ್ತೆ ಮೀಟಿದಳು. ತೂತಿಗೆ ಕಣ್ಣಿಟ್ಟು ನೋಡಿದಳು.

"ಪಪ್ಪಾ, ಒಳಗೆ ಎಂತಾ ಹಾಕ್ದೆ? ನಾಳೆ ನಾ ಎಂತಾ ಬಾರ್ಸೂದು?"

ದುರ್ಗಾ ಒಳಗಿನಿಂದ ಬಂದು ಗಂಡನಿಗೆ ಬಾಯಿಗೆ ಬಂದಂತೆ ಬೈದಳು. "ಯಾರು ಹೇಳಿದ್ರು ನಿಮ್ಗೆ ಇದ್ನ ಮಾಡೂಕೆ?"

ಮಂಗೇಶ ಒಂದು ಕ್ಷಣ ನನ್ನ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿದ. "ಯಾರೂ ಇಲ್ಲ. ನಂಗೇ ಹೊಳೀತು."

ಪ್ರೇಕ್ಷಾ ಅಳುತ್ತ ನನ್ನ ಹತ್ತಿರ ಬಂದು ಕೂತಳು. "ನೀವು ಇಲ್ಲೇ ಇದ್ರಲ್ಲ ಮಾಮ. ಬೇಡ ಅಂತ ಪಪ್ಪಂಗೆ ಹೇಳ್ಬಾರ್ದಿತ್ತಾ?"

"ಹೇಳ್ದೆ ಮಗಾ. ಅಂವ ಕೇಳ್ಬೇಕಲ್ಲ" ಎಂದೆ.

ಜಗಲಿಯ ತುದಿಯಲ್ಲಿ ಮಂಗೇಶ ಕುಂಚ ತೊಳೆಯುತ್ತಿದ್ದ. ನನ್ನ ಮಾತು ಅವನಿಗೆ ಕೇಳಿಸಿತು. ಒಮ್ಮೆ ತಲೆಯೆತ್ತಿ, ಮತ್ತೆ ಕುಂಚ ತೊಳೆಯತೊಡಗಿದ.