ಹಾಡುಹಗಲಿನ ನಿದ್ದೆ

ಕ್ಲಾಂಗ್ ಬಂದರಿನ ಹತ್ತಿರದ ಆ ತಾಸ್ಕಾವನ್ನು ನನಗೆ ಹೇಳಿದವಳು ನನ್ನ ಗೆಳತಿಯೇ. ತಾಸ್ಕಾ ಅಂದರೆ ಇಲ್ಲಿ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಪುಟ್ಟ ಮಕ್ಕಳನ್ನು ಬಿಟ್ಟುಹೋಗುವ ಜಾಗ. ಗೆಳತಿ ಮಂಗಳೂರಿನ ಕ್ರೈಸ್ತ ಮನೆಯವಳು, ನನಗಿಂತ ಸಾಕಷ್ಟು ಚಿಕ್ಕವಳು. ಗಂಡ ಹೆಂಡತಿ ಇಬ್ಬರೂ ಬಂದರಿನ ಸರಕು ಸಾಗಣೆ ಕಚೇರಿಯಲ್ಲಿದ್ದಾರೆ. ಅವರ ಮಗಳಿಗೆ ಆಗ ಒಂದೂವರೆ ವರ್ಷ. ಭಾನುವಾರ ನಮ್ಮ ಮನೆಗೆ ಬಂದರೆ ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ ಒಂದು ಪಾತ್ರೆಯೂ ಉಳಿಯುತ್ತಿರಲಿಲ್ಲ, ಎಲ್ಲ ಹಜಾರಕ್ಕೆ ಬರುತ್ತಿತ್ತು.

ನಾನು ಮೈಸೂರಿನವಳು, ಕೆಲಸಕ್ಕೆಂದು ಈ ಪರದೇಶಕ್ಕೆ ಬಂದವಳು. ನಿಲಾಯ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಶಿಶು ಶಿಕ್ಷಣದ ಪಾಠ ಮಾಡುತ್ತೇನೆ. ವಿದ್ಯಾರ್ಥಿನಿಯರನ್ನು ತರಬೇತಿಗೆಂದು ತಾಸ್ಕಾಗಳಿಗೆ ಕಳಿಸುವ ಮೊದಲು ಅಲ್ಲಿಗೆ ಹೋಗಿ, ಒಂದು ಬೆಳಗ್ಗೆ ಪೂರ್ತಿ ಮೂಲೆಯಲ್ಲಿ ಕೂತು, ಜಾಗ ಹೇಗಿದೆ ಎಂದು ನೋಡಿ ಅಂಕ ಹಾಕುವುದು ನನ್ನ ಕೆಲಸ. ಗೋಡೆ, ಆಟಿಕೆ, ಶೌಚಾಲಯ ಇವನ್ನು ನೋಡಲು ಹೆಚ್ಚು ಹೊತ್ತು ಬೇಡ. ಹೊತ್ತು ಬೇಕಾಗುವುದು ಬೇರೆಯದಕ್ಕೆ. ಮಗು ಕೈ ಚಾಚಿದಾಗ ಯಾರಾದರೂ ಬಗ್ಗುತ್ತಾರೋ, ಅದು ಏನೋ ತೊದಲಿದರೆ ತಿರುಗಿ ಮಾತಾಡುತ್ತಾರೋ, ಡೈಪರ್ ಬದಲಿಸುವಾಗ ಮಗುವಿನ ಮುಖ ನೋಡುತ್ತಾರೋ ಗೋಡೆ ನೋಡುತ್ತಾರೋ. ನಾವು ಮಾತಾಡಬಾರದು, ಯಾವುದಕ್ಕೂ ಕೈ ಹಾಕಬಾರದು, ಅದು ನಿಯಮ.

ಕ್ಲಾಂಗ್ ಕಡೆ ಹೊಸ ಜಾಗ ಹುಡುಕುತ್ತಿದ್ದೇನೆಂದು ಹೇಳಿದಾಗ ಗೆಳತಿ ಉತ್ಸಾಹದಿಂದ ತನ್ನ ಮಗಳ ತಾಸ್ಕಾದ ಹೆಸರು ಹೇಳಿದಳು. ಮೊದಮೊದಲು ಮಗು ಬಾಗಿಲಲ್ಲಿ ತುಂಬ ರಂಪ ಮಾಡುತ್ತಿತ್ತಂತೆ, ಈಗ ಕೆಲವು ತಿಂಗಳಿಂದ ತೆಪ್ಪಗಿರುತ್ತದಂತೆ. ಸಂಜೆ ಕರೆತರುವಾಗಲೂ ಕಿರಿಕಿರಿ ಇಲ್ಲ, ಕಾರಿನಲ್ಲೇ ಕಣ್ಣು ಮುಚ್ಚುತ್ತದೆ. ನಡೆಸುವವರು ತಮಿಳು ಹೆಂಗಸು, ತುಂಬ ಒಳ್ಳೆಯವರು ಎಂದಳು.

ಒಳ್ಳೆಯವರೇ ಆಗಿದ್ದರು. ಐವತ್ತು ದಾಟಿದ, ದಪ್ಪನೆಯ, ನಿಧಾನ ಮಾತಿನ ಹೆಂಗಸು. ಎಲ್ಲರೂ ಅವರನ್ನು ಆಂಟಿ ಎನ್ನುತ್ತಿದ್ದರು. ನಾನು ಬರುತ್ತೇನೆಂದು ಎದುರಿನ ಮಾಮಕ್ ಚಹಾದಂಗಡಿಯಿಂದ ಚಹಾ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದಿಟ್ಟಿದ್ದರು. ಸಾಲುಮನೆಯೊಂದರ ಕೆಳ ಅಂತಸ್ತು ಅದು. ನೆಲ ಫಳಫಳ ಎನ್ನುತ್ತಿತ್ತು. ಲೋಟಗಳ ಮೇಲೆ ಮಕ್ಕಳ ಚಿತ್ರ ಅಂಟಿಸಿದ್ದರು. ಮುಂದಿನ ಕೋಣೆಯಲ್ಲಿ ದೊಡ್ಡ ಮಕ್ಕಳು ಬಣ್ಣ ಬಳಿಯುತ್ತಿದ್ದರು, ಅವರ ಜೊತೆ ಒಬ್ಬ ಸಹಾಯಕಿ ಇದ್ದಳು. ಅಲ್ಲಿ ನಾನು ಒಳ್ಳೆಯ ಅಂಕವನ್ನೇ ಹಾಕಿದೆ.

ಆಮೇಲೆ ಹಿಂದಿನ ಕೋಣೆಗೆ ಹೋದೆ. ಅದು ಎರಡು ವರ್ಷದೊಳಗಿನವರದು. ಪರದೆ ಎಳೆದು ಅರೆಗತ್ತಲು ಮಾಡಿದ್ದರು. ಚಾಪೆಗಳ ಮೇಲೆ ಮಕ್ಕಳೆಲ್ಲ ಮಲಗಿದ್ದವು. ಬೆಳಗಿನ ತಿಂಡಿಯ ಹೊತ್ತು ಇನ್ನೂ ಮುಗಿದಿರಲಿಲ್ಲ. ಈ ವಯಸ್ಸಿನವರಲ್ಲಿ ಒಂದು ಮಲಗಿದರೆ ಇನ್ನೊಂದು ಎದ್ದಿರುತ್ತದೆ, ಒಂದು ತನ್ನ ಕಾಲ್ಬೆರಳು ಚೀಪುತ್ತಿದ್ದರೆ ಮತ್ತೊಂದು ಪಕ್ಕದ ಮಗುವಿನ ಕೂದಲು ಜಗ್ಗುತ್ತಿರುತ್ತದೆ. ಇಲ್ಲಿ ಒಂದೂ ಮಿಸುಕಾಡುತ್ತಿರಲಿಲ್ಲ. ಹೊರಗೆ ರಸ್ತೆಯಲ್ಲಿ ಕಂಟೇನರ್ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆದುಕೊಂಡು ಹೋಯಿತು. ಕಿಟಕಿಯ ಗಾಜು ಅದುರಿತು, ನಾನೇ ಬೆಚ್ಚಿದೆ. ಮಕ್ಕಳು ಹಾಗೇ ಇದ್ದವು.

ಗೆಳತಿಯ ಮಗಳು ಗೋಡೆಯ ಪಕ್ಕ ಬಾಯಿ ತೆರೆದು ಮಲಗಿದ್ದಳು. ನಿಯಮ ಬಿಟ್ಟು ನಾನು ಎದ್ದು ಹತ್ತಿರ ಹೋದೆ. ಹೆಸರು ಹಿಡಿದು ಕರೆದೆ. ಪುಟ್ಟ ಕೈ ಎತ್ತಿ ಬಿಟ್ಟೆ, ಅದು ಒದ್ದೆ ಬಟ್ಟೆಯ ಹಾಗೆ ಬಿತ್ತು. ಅಂಗಾಲು ಚಿವುಟಿದರೂ ಮುಖದಲ್ಲಿ ಏನೂ ಬರಲಿಲ್ಲ. ಉಸಿರಿತ್ತು, ಆದರೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಕಾಯಬೇಕಾಗುತ್ತಿತ್ತು. ತುಟಿಯ ಬಳಿ ಕಿತ್ತಳೆಯ ಸಿಹಿ ವಾಸನೆ.

ಆಂಟಿಯನ್ನು ಕರೆದು ಮಕ್ಕಳಿಗೆ ಏನು ಕೊಟ್ಟಿದ್ದೀರಿ ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ, ಹಾಲಿನ ಬಾಟಲಿಗಳ ಪಕ್ಕದಲ್ಲೇ ಇದ್ದ, ಕುಡಿದರೆ ಮಂಪರು ಬರುವ ನೆಗಡಿಯ ಸಿರಪ್ ತಂದು ತೋರಿಸಿದರು. ಔಷಧಿ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂಥದ್ದು. ಎರಡು ವರ್ಷದೊಳಗಿನವರಿಗೆ ಕೊಡಬಾರದು ಎಂದು ಅದರ ಮೇಲೇ ಬರೆದಿತ್ತು. ಸ್ವಲ್ಪವೇ ಲಾ, ಅರ್ಧ ಚಮಚ, ಎಂದು ಇಲ್ಲಿಯವರ ರಾಗದಲ್ಲಿ ಹೇಳಿದರು. ಈ ಹುಡುಗಿ ಬೆಳಗ್ಗೆ ಉಗುಳಿಬಿಟ್ಟಿದ್ದಳಂತೆ, ಅದಕ್ಕೆ ಇನ್ನೊಮ್ಮೆ ಕೊಟ್ಟರಂತೆ.

ಆಂಬುಲೆನ್ಸಿಗೆ ಫೋನ್ ಮಾಡಿದೆ, ಬರಲು ತಡವಾಗುತ್ತದೆ ಎಂದರು. ಸಹಾಯಕಿಗೆ ಉಳಿದ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಕೂರಿಸುವಂತೆಯೂ, ಎಲ್ಲರ ಮನೆಗೂ ಫೋನ್ ಮಾಡುವಂತೆಯೂ ಹೇಳಿ, ಮಗುವನ್ನು ಎತ್ತಿಕೊಂಡು ಕಾರಿಗೆ ಓಡಿದೆ. ಆಂಟಿ ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕೆನ್ನೆ ತಟ್ಟುತ್ತ ಬಂದರು. ದಾರಿಯಲ್ಲಿ ತಮಿಳಿನಲ್ಲಿ ಹೇಳುತ್ತಲೇ ಇದ್ದರು. ಕೆಲಸಕ್ಕಿದ್ದ ಇಬ್ಬರು ಹುಡುಗಿಯರು ಗೋದಾಮಿನ ಕೆಲಸ ಸಿಕ್ಕಿತೆಂದು ಬಿಟ್ಟುಹೋದರು, ಬದಲಿಗೆ ಯಾರೂ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ತಾವೊಬ್ಬರೇ ಆದರಂತೆ. ಒಂದು ಅತ್ತರೆ ಎಲ್ಲ ಅಳುತ್ತಿದ್ದವು. ಆಮೇಲೆ ನನ್ನ ಕಡೆ ತಿರುಗಿ, "ನಾನು ಒಂದು ದಿನವೂ ಯಾವ ಮಗುವಿನ ಮೇಲೂ ಕೈ ಎತ್ತಿಲ್ಲ, ಟೀಚರ್. ನೀವು ಅದನ್ನೂ ಬರೆಯಬೇಕು," ಎಂದರು.

ನಾನು ಕಾರಿನ ವೇಗ ಹೆಚ್ಚಿಸಿದೆ. ಕನ್ನಡಿಯಲ್ಲಿ ಮಗುವಿನ ಎದೆ ಏಳುತ್ತಿದೆಯೇ ಎಂದಷ್ಟೇ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಮಗುವನ್ನು ಕೈಯಿಂದ ಕಿತ್ತುಕೊಂಡ ಹಾಗೆ ಒಳಗೆ ಒಯ್ದರು. ಗೆಳತಿ ಕತ್ತಿನಲ್ಲಿ ಕಚೇರಿಯ ಗುರುತಿನ ಚೀಟಿ ನೇತಾಡುತ್ತಿರುವಂತೆಯೇ ಓಡಿಬಂದಳು. ಆಂಟಿಯನ್ನು ವಿಚಾರಿಸಿದವರು ಡಾಕ್ಟರು. ಎಂದಿನಿಂದ ಕೊಡುತ್ತಿದ್ದೀರಿ ಎಂದಾಗ ಆಂಟಿ, ಆ ಹುಡುಗಿಯರು ಬಿಟ್ಟುಹೋದಾಗಿನಿಂದ, ದಿನವೂ ಬೆಳಗ್ಗೆ, ಎಂದರು. ಅವರ ದನಿಯಲ್ಲಿ ಸುಳ್ಳಿರಲಿಲ್ಲ, ನಡುಕವೂ ಇರಲಿಲ್ಲ. ಗೆಳತಿ ನನ್ನ ತೋಳು ಹಿಡಿದುಕೊಂಡಳು. ಅವಳು ತಿಂಗಳುಗಳನ್ನು ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಾಯಿತು.

"ಅಕ್ಕ," ಎಂದಳು, "ಮಗು ಹೊಂದಿಕೊಂಡಿತು ಅಂತ ನಾನು ಊರಿಗೆಲ್ಲ ಫೋನ್ ಮಾಡಿ ಹೇಳಿದ್ದೆ."

ಸಂಜೆಯ ಹೊತ್ತಿಗೆ ಮಗು ಕಣ್ಣು ಬಿಟ್ಟಿತು. ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಉಳಿದ ಮಕ್ಕಳಿಗೆ ಅಪಾಯವಾಗಿರಲಿಲ್ಲ. ಮುಂದೆ ಏನಾದರೂ ತೊಂದರೆ ಆದೀತೇ ಎಂದು ಗೆಳತಿಯ ಗಂಡ ಕೇಳಿದ್ದಕ್ಕೆ ಡಾಕ್ಟರು, ನೋಡಬೇಕು, ಈಗಲೇ ಹೇಳಲಾಗದು ಎಂದರು. ಮನೆಯಲ್ಲಿ ಅದು ಚಮಚ ಕಂಡರೆ ತುಟಿ ಬಿಗಿದುಕೊಳ್ಳುತ್ತಿತ್ತು. ಗಂಜಿಯನ್ನೂ ಬೆರಳಿನಿಂದಲೇ ತಿನ್ನಿಸಬೇಕಾಯಿತು.

ಆಸ್ಪತ್ರೆಯವರೇ ದೂರು ಕೊಟ್ಟಿದ್ದರು. ಪೊಲೀಸರಿಗೂ ತಾಸ್ಕಾಗಳಿಗೆ ಪರವಾನಗಿ ಕೊಡುವ ಇಲಾಖೆಯವರಿಗೂ ನಾನು ಕಂಡದ್ದನ್ನೆಲ್ಲ ಹೇಳಿದೆ. ಮುಂದಿನ ಕೋಣೆ ಚೆನ್ನಾಗಿತ್ತು ಎಂದೂ ಹೇಳಿದೆ, ಯಾವ ಮಗುವಿನ ಮೈಮೇಲೂ ಹೊಡೆದ ಗುರುತು ಕಾಣಲಿಲ್ಲ ಎಂದೂ ಹೇಳಿದೆ. ತಾಸ್ಕಾ ಮುಚ್ಚಿತು. ಕೋಣೆ ತೋರಿಸಲು ಅಧಿಕಾರಿಗಳ ಜೊತೆ ನಾನು ಹೋದ ಬೆಳಗ್ಗೆ ಗೇಟಿನ ಮುಂದೆ ಒಂದಷ್ಟು ತಂದೆತಾಯಂದಿರು ಮಕ್ಕಳನ್ನೆತ್ತಿಕೊಂಡು ನಿಂತಿದ್ದರು. ನನಗೆ ಧನ್ಯವಾದ ಬೇಕಿರಲಿಲ್ಲ. ಆದರೆ ಅಷ್ಟು ಸಿಟ್ಟನ್ನೂ ನಾನು ಎಣಿಸಿರಲಿಲ್ಲ. ಬಂದರಿನ ಸಮವಸ್ತ್ರ ತೊಟ್ಟಿದ್ದ ಒಬ್ಬ ತಂದೆ, ಹೆಗಲ ಮೇಲೆ ಮಗುವನ್ನಿಟ್ಟುಕೊಂಡು, ಮುಚ್ಚಿಸುವುದು ನಿಮಗೆ ಗೊತ್ತು, ಈಗ ನಾನು ಇದನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಹೇಳಿ, ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವನ ಪಾಳಿ ಶುರುವಾಗುವುದರಲ್ಲಿತ್ತು. ಅಧಿಕಾರಿಯೊಬ್ಬರು ಸಮಾಧಾನ ಹೇಳಿದರು. ಅವನು ಕೇಳಿಸಿಕೊಳ್ಳದೆ ಹೊರಟುಹೋದ.

ಅವರಲ್ಲಿ ಕೆಲವರು ಎಲ್ಲಿಗೆ ಹೋದರೆಂದು ಆಮೇಲೆ ತಿಳಿಯಿತು. ಗೆಳತಿಯ ರಜೆ ಮುಗಿಯುತ್ತ ಬಂದಿತ್ತು. ತನ್ನ ಫ್ಲಾಟಿನ ಮೇಲಿನ ಮಹಡಿಯಲ್ಲಿ ಒಬ್ಬಾಕೆ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾಳಂತೆ, ಒಮ್ಮೆ ಬಂದು ನೋಡಿ ಅಕ್ಕ, ಎಂದು ಕರೆದಳು. ಹೋದೆ. ಕಬ್ಬಿಣದ ಸರಳಿನ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿತ್ತು. ಆ ಹೆಂಗಸು ಬೀಗ ತೆಗೆಯಲಿಲ್ಲ. ಮಕ್ಕಳನ್ನು ಬಿಡುವವರಿಗೇ ಇಲ್ಲದ ಚಿಂತೆ ನಿಮಗೇಕೆ ಎಂದು ಸರಳಿನ ಹಿಂದಿನಿಂದಲೇ ಕೇಳಿದಳು. ಪರವಾನಗಿ ಇಲ್ಲದ ಮನೆ, ಅಂಕ ಹಾಕಲು ಅಲ್ಲಿಗೆ ಯಾರೂ ಬರುವುದಿಲ್ಲ. ಒಳಗೆ ಟೀವಿ ಜೋರಾಗಿ ಓಡುತ್ತಿತ್ತು. ಅದರ ಮುಂದೆ ಸಾಲಾಗಿ ಕೂತಿದ್ದ ಮಕ್ಕಳಲ್ಲಿ ಕೆಲವರು ಆ ಹಿಂದಿನ ಕೋಣೆಯಲ್ಲಿ ಮಲಗಿದ್ದವರೇ. ಯಾರೂ ತಿರುಗಿ ನೋಡಲಿಲ್ಲ. ನಾನು ಕಂಡದ್ದನ್ನು ಇಲಾಖೆಗೆ ತಿಳಿಸಿದೆ, ಅವರು ಬರುವಷ್ಟರಲ್ಲಿ ಆಕೆ ಮನೆ ಬದಲಿಸಿದ್ದಳು.

ಬೇಡ ಎಂದು ಗೆಳತಿಗೆ ಹೇಳಿದೆ. ಅವಳು, "ಬೇಡದ್ದು ಯಾವುದು ಅಂತ ನನಗೂ ಈಗ ಗೊತ್ತುಂಟು ಅಕ್ಕ. ಬೇಕಾದ್ದು ಎಲ್ಲುಂಟು ಹೇಳಿ," ಎಂದಳು.

ನನಗೆ ಎರಡು ಜಾಗ ಗೊತ್ತಿದ್ದವು. ಎರಡಕ್ಕೂ ನಾನೇ ಹೋಗಿ ಒಳ್ಳೆಯ ಅಂಕ ಹಾಕಿಬಂದಿದ್ದೆ. ಒಂದರಲ್ಲಿ ಮುಂದಿನ ವರ್ಷದವರೆಗೆ ಜಾಗವಿರಲಿಲ್ಲ. ಇನ್ನೊಂದು ನಿಲಾಯ್‌ನಲ್ಲೇ ಇತ್ತು, ಬಂದರಿನಿಂದ ಬೆಳಗ್ಗೆ ಸಂಜೆ ಓಡಾಡುವ ದೂರವಲ್ಲ. ಮಗುವನ್ನು ನನ್ನ ಮನೆಯಲ್ಲಿ ಬಿಟ್ಟಿರು, ವಾರಕ್ಕೊಮ್ಮೆ ಬಂದು ನೋಡು ಎಂದೆ. ಗೆಳತಿ ಬೇಡವೆಂದು ತಲೆಯಾಡಿಸಿದಳು. ವಾರಕ್ಕೊಮ್ಮೆ ನೋಡುವುದಾದರೆ ಊರಿನಲ್ಲೇ ಇರಲಿ, ಅಲ್ಲಿ ತನ್ನ ಅಕ್ಕನಿದ್ದಾಳೆ, ಅವಳಿಗೂ ಸಣ್ಣ ಮಕ್ಕಳಿವೆ ಎಂದಳು. ಕೆಲಸ ಬಿಡುವ ಮಾತನ್ನು ಅವಳೂ ಎತ್ತಲಿಲ್ಲ, ಗಂಡನೂ ಎತ್ತಲಿಲ್ಲ. ನಾನು ಎತ್ತುವ ಹಾಗಿರಲಿಲ್ಲ.

ವಿಮಾನ ನಿಲ್ದಾಣ ನಮ್ಮ ಮನೆಗೆ ಹತ್ತಿರ, ಬೀಳ್ಕೊಡಲು ಹೋಗಿದ್ದೆ. ಮಗು ಅಪ್ಪ ತಳ್ಳುತ್ತಿದ್ದ ಟ್ರಾಲಿಯ ಮೇಲೆ ಕೂತು ದೀಪಗಳನ್ನು ನೋಡುತ್ತಿತ್ತು. ನಾನು ಕೈ ಚಾಚಿದೆ. ಅದು ನನ್ನ ಮುಖವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ಕೈ ಕೊಡದೆ, ಅಪ್ಪನ ಕಡೆ ಹೊರಳಿತು. ಗೆಳತಿ, ನಿದ್ದೆಗಣ್ಣು ಅಕ್ಕ, ಎಂದು ಹೇಳಹೋಗಿ ಅರ್ಧಕ್ಕೇ ನಿಲ್ಲಿಸಿದಳು.

ಮಗುವನ್ನು ಅಕ್ಕನ ಮನೆಯಲ್ಲಿ ಬಿಟ್ಟು ಇಬ್ಬರೂ ಮುಂದಿನ ವಾರ ಮರಳಿದರು. ಬಿಟ್ಟುಬರುವಾಗ ಅತ್ತಳಾ ಎಂದು ಫೋನಿನಲ್ಲಿ ಕೇಳಿದೆ. ಇಲ್ಲ, ಒಂದು ಹನಿಯೂ ಇಲ್ಲ, ನನಗೆ ಅದೇ ಹೆದರಿಕೆ, ಎಂದಳು ಗೆಳತಿ. ಆಮೇಲೆ ಕಚೇರಿಗೆ ಹೊತ್ತಾಯಿತೆಂದು ಫೋನ್ ಇಟ್ಟಳು.