ಕಿವಿಯಮ್ಮ ಕಟ್ಟಿದ ಸಿಂಥಸೈಜರ್

ನನ್ನ ಸೋದರತ್ತೆಯ ನಿಜವಾದ ಹೆಸರು ಅವಳ ಅಂಗಡಿಯ ಬೋರ್ಡಿನ ಮೇಲೂ ಇಲ್ಲ. ಊರಿಗೆಲ್ಲ ಅವಳು ಕಿವಿಯಮ್ಮ. ಮೋಟರು, ಪಂಪು, ಫ್ಯಾನು ರಿಪೇರಿ ಮಾಡುತ್ತ ಹತ್ತಡಿ ಅಗಲದ ಆ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಕೂತವಳು. ಯಾರು ಏನೇ ತಂದರೂ ತಕ್ಷಣ ಬಿಚ್ಚುವುದಿಲ್ಲ, ಮೊದಲು ಕೇಳುತ್ತಾಳೆ. ಓಡುತ್ತಿರುವ ಮೋಟರಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಾಳೆ. “ಹಿಂದಿನ ಬೇರಿಂಗು ಹೋಗಿದೆ. ಸುರುಳಿ ಚೆನ್ನಾಗಿದೆ, ಮುಟ್ಟೋದು ಬೇಡ.” ಅಷ್ಟೇ. ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಮೀಟರೂ ಇದೆ ಅವಳ ಹತ್ತಿರ. ಆದರೆ ಮೀಟರಿಗೂ ಕಿವಿಗೂ ಮಾತು ಹೊಂದದಿದ್ದರೆ ಅವಳು ಬೈಯುವುದು ಮೀಟರನ್ನು.

ಕಳೆದ ವರ್ಷ ನಮ್ಮ ಕಾಲೇಜಿನ ಲ್ಯಾಬಿನಿಂದ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿದರು. ನಾನು ಹುಟ್ಟುವ ಮೊದಲಿನವು, ಬಿಸಿಲಿಗೆ ಹಳದಿಯಾದವು. ಕೇಳಿಕೊಂಡು ಅತ್ತೆಯ ಅಂಗಡಿಗೆ ಹೊತ್ತು ತಂದೆ. ಅವಳು ಪರದೆಯನ್ನು ನೋಡಲಿಲ್ಲ, ಕೀಲಿಮಣೆಯನ್ನೂ ನೋಡಲಿಲ್ಲ. ಹಿಂದಿನ ನಾಲ್ಕು ತಿರುಪು ಬಿಚ್ಚಿ, ಒಳಗಿನ ಪವರ್ ಸಪ್ಲೈ ಡಬ್ಬಿಯನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಇದು ಕಣೇ ಮಾಲು! ಸೊನ್ನೆಯಿಂದ ಮೇಲಕ್ಕೆ ಹನ್ನೆರಡು ವೋಲ್ಟು, ಕೆಳಕ್ಕೂ ಹನ್ನೆರಡು. ಈಗಿನ ಡಬ್ಬಿಗಳಲ್ಲಿ ಕೆಳಗಿನದ್ದು ಸರಿಯಾಗಿ ಸಿಗಲ್ಲ. ಸ್ವರ ಅಂದ್ರೆ ಮೇಲೆ ಹೋಗಿ ಕೆಳಗೆ ಬರೋದು ತಾನೇ? ಎರಡೂ ಕಡೆ ಜಾಗ ಬೇಕು ಅದಕ್ಕೆ.”

“ಯಾವ ಸ್ವರ ಅತ್ತೆ?”

“ಸಿಂಥಸೈಜರ್ ಮಾಡ್ತೀನಿ, ಕರೆಂಟಿನಲ್ಲೇ ಸ್ವರ ಹೊರಡಿಸೋ ವಾದ್ಯ. ಮೂವತ್ತು ವರ್ಷ ಬರೀ ಕಾಯಿಲೆ ಬಿದ್ದ ಮೆಷಿನ್‌ಗಳ ನರಳಾಟ ಕೇಳಿದೀನಿ. ಕಾಯಿಲೆ ಇಲ್ದೆ ಕೂಗೋದು ಒಂದಾದ್ರೂ ಬೇಡ್ವಾ ನಂಗೆ?”

ನಾನು ನಕ್ಕೆ. ಅವಳು ನಗಲಿಲ್ಲ.

ಮೊದಲ ದಿನ ಪ್ಲಗ್ ಹಾಕಿದ ಒಂದು ನಿಮಿಷಕ್ಕೆ ಡಬ್ಬಿ ಢಬ್ ಎಂದಿತು. ಸುಟ್ಟ ಕಾಗದದ ವಾಸನೆಯ ಹೊಗೆ ಅಂಗಡಿ ತುಂಬಿತು. ನಾನು ಗೋಡೆಗೆ ಅಂಟಿಕೊಂಡಿದ್ದೆ. ಪಕ್ಕದ ಟೈಲರು ಅಳತೆಯ ಟೇಪು ಕೊರಳಲ್ಲೇ ಇಟ್ಟುಕೊಂಡು ಓಡಿಬಂದ.

“ಏನ್ರೀ ಕಿವಿಯಮ್ಮ, ಬಾಂಬು ರಿಪೇರಿ ಶುರು ಮಾಡಿದ್ರಾ?”

“ಹೂಂ. ನಿಮ್ಮ ಹೊಲಿಗೆ ಮೆಷಿನ್‌ಗೂ ಒಂದು ಇಟ್ಟುಕೊಡ್ಲಾ?”

ಪ್ಲಗ್ ಕಿತ್ತರೂ ಆ ದಿನ ಅತ್ತೆ ನನಗೆ ಡಬ್ಬಿ ಮುಟ್ಟಲು ಬಿಡಲಿಲ್ಲ. ಒಳಗೆ ಕರೆಂಟು ಹೊಂಚು ಹಾಕಿ ಕೂತಿರುತ್ತದಂತೆ. ಮರುದಿನ ಒಡೆದುಹೋದ ಕೆಪಾಸಿಟರ್ ತೆಗೆದು ಹೊಸದು ಬೆಸೆದಳು. ಆಮೇಲೂ ಡಬ್ಬಿ ಏಳಲಿಲ್ಲ. ಅವಳು ಯೋಚಿಸಿ, ಬೈಕಿನ ಹೆಡ್‌ಲೈಟ್ ಬಲ್ಬೊಂದನ್ನು ತಂತಿಗೆ ಸಿಕ್ಕಿಸಿದಳು. ಬಲ್ಬಿನೊಳಗಿನ ತಂತಿ ಕೆಂಪಗೆ ಮಿನುಗಿತು, ಒಳಗಿನ ಪುಟ್ಟ ಫ್ಯಾನು ತಿರುಗಿತು.

“ಏನಾದ್ರೂ ಕೆಲಸ ಕೊಟ್ರೇನೆ ಏಳೋ ಜಾತಿ ಇದು. ನಿಮ್ಮಪ್ಪ ಕೆಲಸ ಕೊಟ್ರೆ ಮಲಗ್ತಾನೆ.”

ವಾರಗಟ್ಟಲೆ ಮಧ್ಯಾಹ್ನ ಷಟರು ಅರ್ಧ ಇಳಿಸಿಕೊಂಡು ಕೂತಳು. ಹಲಗೆಯ ಮೇಲೆ ಸರ್ಕ್ಯೂಟುಗಳು, ಹಳೆಯ ರೇಡಿಯೋದ ಸ್ಪೀಕರು, ಕಪ್ಪು ನಾಬುಗಳ ಸಾಲು. ಮೊದಲ ಸಲ ಅದು ದನಿ ತೆಗೆದಾಗ ನಾನು ಅಲ್ಲೇ ಇದ್ದೆ. ಬಾವಿಯ ತಳದಿಂದ ಬಂದ ಹಾಗೆ, ದುಂಡಗಿನ ಒಂದು ದನಿ. ಅತ್ತೆ ನಾಬನ್ನು ಸ್ವಲ್ಪವೇ ತಿರುಗಿಸಿದಳು. ದನಿ ಒಂದು ಮೆಟ್ಟಿಲು ಹತ್ತಿತು. ಅವಳ ಗಲ್ಲದ ಮೇಲೆ ಗ್ರೀಸು ಇತ್ತು. ಅವಳನ್ನು ಅಷ್ಟು ಚಿಕ್ಕವಳಾಗಿ ನಾನು ಯಾವತ್ತೂ ಕಂಡಿರಲಿಲ್ಲ.

ಆಮೇಲೆ ನನಗೆ ಪರೀಕ್ಷೆ ಬಂತು. ಮೂರು ವಾರ ಅಂಗಡಿಯ ಕಡೆ ಹೋಗಲಾಗಲಿಲ್ಲ. ಫೋನಿನಲ್ಲಿ ಮಾತ್ರ ಅತ್ತೆಯ ಗೊಣಗಾಟ ಕೇಳುತ್ತಿದ್ದೆ. ನಾಬು ಅರ್ಧ ದಾಟಿದರೆ ದನಿ ಸತ್ತೇ ಹೋಗುತ್ತದೆ. ಏನೇ ಕೆಟ್ಟರೂ ಮೊದಲು ಪವರ್ ನೋಡುವುದು ಅವಳ ಮೂವತ್ತು ವರ್ಷದ ಪದ್ಧತಿ, ಹಾಗಾಗಿ ಪವರ್ ಸಪ್ಲೈಯನ್ನೇ ಹಿಡಿದಿದ್ದಳು. ಮೀಟರು ಪ್ರತಿ ಸಲವೂ ಹನ್ನೆರಡು ಎಂದೇ ತೋರಿಸುತ್ತಿತ್ತು. ಮೀಟರು ಸುಳ್ಳು ಹೇಳುತ್ತಿದೆ ಎಂದು ಕೆಪಾಸಿಟರುಗಳನ್ನೆಲ್ಲ ಬದಲಿಸಿದಳು. ಎರಡನೆಯ ಕಂಪ್ಯೂಟರಿನ ಡಬ್ಬಿ ಹಾಕಿದಳು. ಮೂರನೆಯದನ್ನೂ ಹಾಕಿದಳು.

ಪರೀಕ್ಷೆ ಮುಗಿದ ಮಧ್ಯಾಹ್ನ ನೇರವಾಗಿ ಹೋದೆ. ಬೀದಿಯ ತಿರುವಿನಲ್ಲೇ ಸಣ್ಣಗೆ ಸಿಳ್ಳೆಯಂಥದ್ದೇನೋ ಕಿವಿಗೆ ಬಿತ್ತು. ಷಟರಿನಡಿ ಬಗ್ಗಿ ಒಳಗೆ ಕಾಲಿಟ್ಟಾಗ ಅದು ನೆತ್ತಿಗೇ ಚುಚ್ಚಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅತ್ತೆ ಸ್ಪೀಕರಿನ ಮುಂದೆ, ಒಂದು ಗೇಣು ದೂರದಲ್ಲಿ, ಶಾಂತವಾಗಿ ಕೂತು ತಂತಿ ಬೆಸೆಯುತ್ತಿದ್ದಳು.

“ಬಂದ್ಯಾ? ನೋಡು ಇದರ ಅವಸ್ಥೆ. ಇಲ್ಲಿಗೆ ಬಂದ್ರೆ ಪೂರ್ತಿ ಬಂದ್.”

“ಅತ್ತೆ, ನಿಲ್ಸು ಅದನ್ನ!”

“ಏನು ನಿಲ್ಸೋದು? ನಿಂತೇ ಹೋಗಿದೆಯಲ್ಲ.”

ತಮಾಷೆ ಎಂದುಕೊಂಡೆ. ಅವಳು ತಮಾಷೆ ಮಾಡುವವಳೇ. ಆದರೆ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಮೂರು ವಾರ ನಿದ್ದೆಗೆಟ್ಟ ಕೆಂಪುಗಣ್ಣು ಇತ್ತು, ಅಷ್ಟೇ. ಸಿಳ್ಳೆ ಕಿರುಚುತ್ತಲೇ ಇತ್ತು. ಮುಂದೆ ಹೋಗಿ ನಾಬನ್ನು ಹಿಂದಕ್ಕೆ ತಿರುಗಿಸಿದೆ.

“ಹಾಂ, ಈಗ ಬಂತು,” ಎಂದಳು ಅತ್ತೆ. ಮತ್ತೆ ನನ್ನ ಕಡೆ ನೋಡಿದಳು. ನಾನು ಕಿವಿಯಿಂದ ಇನ್ನೊಂದು ಕೈ ತೆಗೆದಿರಲಿಲ್ಲ.

ಅವಳು ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. ಸೋಲ್ಡರ್ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟಳು. ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತಳು.

“ನೀನು ನಿಧಾನಕ್ಕೆ ತಿರುಗಿಸ್ತಾ ಹೋಗು. ನಾನು ಕೈ ಎತ್ತಿರ್ತೀನಿ. ದನಿ ನಿಂತಾಗ ಇಳಿಸ್ತೀನಿ.”

ತಿರುಗಿಸಿದೆ. ದನಿ ಏರಿತು, ತೆಳುವಾಯಿತು. ಎತ್ತಿದ ಕೈಯ ತೋಳಿಗೆ ಹಳೆಯ ಸುಟ್ಟ ಕಲೆಗಳಿದ್ದವು. ನಾಬು ಅರ್ಧ ದಾಟುತ್ತಿದ್ದಂತೆ ಕೈ ಇಳಿಯಿತು. ದನಿ ಇತ್ತು. ನಾನು ಇನ್ನೂ ತಿರುಗಿಸಿದೆ, ಕೊನೆಯವರೆಗೂ. ಇತ್ತು. ಕೈ ಮತ್ತೆ ಏಳಲಿಲ್ಲ.

“ನಿಂಗೆ ಎಲ್ಲಿವರೆಗೆ ಕೇಳ್ಸತ್ತೆ?” ಬೆನ್ನು ತಿರುಗಿಸದೆಯೇ ಕೇಳಿದಳು.

“ಕೊನೇವರೆಗೂ.”

ಅವಳು ಅಳಲಿಲ್ಲ. ಎದ್ದು ಪ್ಲಗ್ ಕಿತ್ತಳು. ಬಲ್ಬು ಆರಿತು, ಫ್ಯಾನು ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಬಳಿಕ ಅವಳ ಮುಖ ಬಿಳಿಚಿಕೊಂಡಿತು. ತನಗಾಗಿ ಅಲ್ಲ ಎಂದು ನನಗೆ ತಿಳಿದದ್ದು ಅವಳು ಮಾತಾಡಿದ ಮೇಲೆ.

“ಮಂಗಳವಾರ ಮರದ ಮಿಲ್ಲಿನ ಗರಗಸದ ಮೋಟರು ಕೊಟ್ಟೆ. ಬೆಣ್ಣೆ ಹಾಗೆ ಓಡ್ತಿದೆ, ಬಿಚ್ಚೋದೇ ಬೇಡ ಅಂದೆ.”

“ಅದಕ್ಕೇನೀಗ ಅತ್ತೆ?”

“ಬೇರಿಂಗು ಒಡೆಯೋಕೆ ಮುಂಚೆ ಕೂಗತ್ತೆ ಕಣೇ. ಸಣ್ಣಗೆ. ಮೇಲಿನ ದನೀಲಿ.”

ಷಟರು ಪೂರ್ತಿ ಎಳೆಯುವಷ್ಟೂ ವ್ಯವಧಾನವಿಲ್ಲದೆ ಹೊರಟೆವು. ಐವತ್ತೆಂಟರ ಹೆಂಗಸು ಹಾಗೆ ಓಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ.

ಮಿಲ್ಲಿನಲ್ಲಿ ಗರಗಸ ಓಡುತ್ತಿತ್ತು. ಒಬ್ಬ ತರುಣ ಕೆಲಸಗಾರ ದಿಮ್ಮಿಯನ್ನು ಎದೆಯಿಂದ ಒತ್ತಿ ಅದರ ಬಾಯಿಗೆ ಕೊಡುತ್ತಿದ್ದ. ಅತ್ತೆ ಕೈ ಬೀಸಿ ದಿಮ್ಮಿ ತೆಗೆಸಿದಳು, ಅವನನ್ನು ದೂರ ನಿಲ್ಲಿಸಿದಳು, ಬೆಲ್ಟು ಕಳಚಿಸಿ ಬರೀ ಮೋಟರು ಓಡಿಸಲು ಹೇಳಿದಳು. ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟಳು. ಅವಳು ಅದನ್ನು ಬೇರೆಯವರಿಗೆ ಕೊಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಿಡಿ ಕಿವಿಗೆ ತಾಗಿದಾಗ ಮೊದಲು ಗುಂಯ್ ಎನ್ನುವ ದಪ್ಪ ದನಿ ಬಂತು. ಅದಕ್ಕೂ ಮೇಲೆ, ಬಹಳ ಮೇಲೆ, ಗಾಜಿನ ಮೇಲೆ ಸೂಜಿ ಎಳೆದಂಥದ್ದು. ನಾನು ತಲೆಯಾಡಿಸಿದೆ.

ಬಿಚ್ಚಿದಾಗ ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಬಳೆ ಎರಡು ಕಡೆ ಸೀಳಿತ್ತು. ಗುಂಡುಗಳು ಕಾವಿಗೆ ನೀಲಿಗಟ್ಟಿದ್ದವು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ತರುಣ ಅದನ್ನು ನೋಡಿದ, ಗರಗಸವನ್ನು ನೋಡಿದ, ಆಮೇಲೆ ತನ್ನ ಎರಡು ಕೈಗಳನ್ನು ನೋಡಿಕೊಂಡ.

ಮಿಲ್ಲಿನ ಯಜಮಾನರು ದೊಡ್ಡ ಮನಸ್ಸಿನವರು. “ಬಿಡಿ ಕಿವಿಯಮ್ಮ, ನೀವು ಕೊಟ್ಟ ಮೇಲೆ ಕೆಟ್ಟಿರತ್ತೆ. ಈಗಿನ ಮಾಲೇ ಹಾಗೆ. ನಿಮ್ಮ ಕಿವಿ ತಪ್ಪತ್ತಾ?”

ಹೌದು, ಆಮೇಲೆ ಕೆಟ್ಟಿರಬೇಕು ಎಂದಿದ್ದರೆ ಸಾಕಿತ್ತು. ಯಾರೂ ಕೇಳುತ್ತಿರಲಿಲ್ಲ. ನಾನೂ ಒಳಗೊಳಗೇ ಅವಳು ಹಾಗೆ ಎನ್ನಲಿ ಎಂದುಕೊಂಡೆ.

“ಮಂಗಳವಾರವೇ ಕೂಗ್ತಿತ್ತು ಇದು,” ಎಂದಳು ಅತ್ತೆ. “ನಂಗೆ ಕೇಳಿಸ್ಲಿಲ್ಲ. ಕಿವಿ ಹೋಗಿದೆ ನಂದು. ಯಾವಾಗ ಹೋಯ್ತೋ ಅದೂ ಗೊತ್ತಾಗ್ಲಿಲ್ಲ.”

ಯಜಮಾನರು ಅರ್ಧ ನಕ್ಕು, ನಗುವನ್ನು ಎಲ್ಲಿಡಬೇಕೋ ತಿಳಿಯದೆ ನಿಂತರು. ಅತ್ತೆ ತರುಣನ ಕಡೆ ತಿರುಗಿದಳು. “ಇನ್ನು ಮೇಲೆ ಪ್ರತಿಯೊಂದನ್ನೂ ಬಿಚ್ಚಿ ನೋಡಿಯೇ ಕೊಡ್ತೀನಿ ಕಣಪ್ಪಾ. ನಾಲ್ಕು ದಿನ ಜಾಸ್ತಿ ಹಿಡಿಯತ್ತೆ.”

“ಹಿಡೀಲಿ ಬಿಡಮ್ಮ,” ಎಂದ ಅವನು.

ಆ ವರ್ಷ ಬಿಚ್ಚದೆ ಕೊಟ್ಟ ಮೋಟರುಗಳನ್ನೆಲ್ಲ ಅವಳು ದಾರಿಯಲ್ಲೇ ನೆನಪು ಮಾಡಿಕೊಂಡಳು. ಸಂಜೆಯೊಳಗೆ ಇನ್ನೂ ಆರು ಕಡೆ ಹೋದೆವು. ಆರು ಕಡೆಯೂ, ನಾನು ಬಾಯಿ ತೆಗೆಯುವ ಮೊದಲೇ ತನ್ನ ಕಿವಿ ಹೋದದ್ದನ್ನು ಅವಳೇ ಹೇಳಿದಳು. ನಾಲ್ಕನೆಯದು ಒಂದು ಹಿಟ್ಟಿನ ಗಿರಣಿ. ಅಲ್ಲಿನ ಹೆಂಗಸು ಗಾಬರಿಯಾಗಿ, ಕಿವುಡರಿಗೆ ಕೂಗುವ ಹಾಗೆ ಅತ್ತೆಯ ಮುಖಕ್ಕೇ ಕೂಗಿದಳು: “ಅಯ್ಯೋ, ಯಾವಾಗಿಂದ ಹೀಗೆ ಕಿವಿಯಮ್ಮಾ?”

“ನಿಮ್ಮ ಮಾತು ಕೇಳ್ಸತ್ತೆ ತಾಯಿ, ಕಿರುಚಬೇಡಿ,” ಎಂದಳು ಅತ್ತೆ. “ಗಿರಣಿ ನಿಲ್ಸಿ, ಮೊದಲು ನಿಮ್ಮ ಮೋಟರು ಬಿಚ್ಚಬೇಕು.”