ಓಟದ ಕಾರಿಗೆ ನಾನು ಆರಿಸಿದ ಆಂಟೆನಾ

ಆಂಟೆನಾ ವಿಷಯದಲ್ಲಿ ಯಾರೂ ನನಗೆ ಬುದ್ಧಿ ಹೇಳಬಾರದು ಅನ್ನುವ ಸೊಕ್ಕು ನನಗಿತ್ತು. ಸುಮ್ಮನೆ ಬಂದ ಸೊಕ್ಕಲ್ಲ. ತೊಂಬತ್ತರ ದಶಕದಲ್ಲಿ ಶಹಾಬಾದಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟವನು ನಾನು. ವಾಡಿ, ಚಿತ್ತಾಪುರ, ದಂಡೋತಿ, ಎಲ್ಲೆಂದರಲ್ಲಿ ಮಾಳಿಗೆ ಹತ್ತಿ ಆಂಟೆನಾ ನಿಲ್ಲಿಸಿದವನು. ಚಿತ್ರ ಸರಿಯಾಗಿ ಬರುತ್ತಿಲ್ಲ ಅಂದರೆ ನನ್ನ ಹತ್ತಿರ ಇದ್ದದ್ದು ಒಂದೇ ಔಷಧಿ. ಇನ್ನೊಂದು ಪೈಪು ಜೋಡಿಸಬೇಕು, ಇನ್ನಷ್ಟು ಎತ್ತರ ಮಾಡಬೇಕು. ನಮ್ಮ ಬಯಲು ಸೀಮೆಯಲ್ಲಿ ಆ ಔಷಧಿ ಹೆಚ್ಚಾಗಿ ಹತ್ತುತ್ತಿತ್ತು.

ಮಾಳಿಗೆ ಮೇಲಿದ್ದವನಿಗೆ ಚಿತ್ರ ಕಾಣುವುದಿಲ್ಲ. ಕೆಳಗೆ ಟಿವಿ ಮುಂದೆ ಯಾರಾದರೂ ನಿಂತು ಕೂಗಿ ಹೇಳಬೇಕು. ನಮ್ಮ ಮನೆಯಲ್ಲಿ ಆ ಕೆಲಸ ತಂಗಿಯದು. "ಬಂತು, ಬಂತು, ಹೋತು! ಅಣ್ಣಾ, ಹಿಂದಕ್ಕ ತಿರಗಸು! ಹಾಂ, ಹಂಗೇ ನಿಂದ್ರಸು!" ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗುವಳು. ನಾನು ಅವಳ ಮಾತು ನಂಬಿ ಬೋಲ್ಟು ಬಿಗಿಯುತ್ತಿದ್ದೆ.

ಮುಂದೆ ತಂಗಿಯನ್ನು ಸೇಡಂಗೆ ಕೊಟ್ಟೆವು. ಗಂಡ ಗ್ಯಾರೇಜ್ ಇಟ್ಟಿದ್ದ, ಒಳ್ಳೆಯ ಮನುಷ್ಯ. ಒಂದೇ ಹುಚ್ಚು, ಕಾರಿನ ಓಟ. ಹಳೆಯ ಕಾರೊಂದನ್ನು ಬಿಚ್ಚಿ ಕಟ್ಟಿ, ಮಣ್ಣಿನ ಹಾದಿಯಲ್ಲಿ ಎಲ್ಲಿ ಓಟ ನಡೆದರೂ ಹೋಗಿ ಓಡಿಸುತ್ತಿದ್ದ. ಒಂದು ಸಲ ಓಟದ ನಡುವೆ ಇಂಜಿನ್ ಕಾದು, ಕಾರಿನ ಒಳಗೆ ಹಾದುಹೋಗಿದ್ದ ಬಿಸಿನೀರಿನ ಪೈಪು ಒಡೆಯಿತು. ಕುದಿಯುವ ನೀರು ಸೀದಾ ಅವನ ಕಾಲ ಮೇಲೆ. ಹದಿನೈದು ದಿನ ಮಂಚ ಹಿಡಿದ. ಇಂಜಿನ್ ಬಿಸಿ ತೋರಿಸುವ ಡಬ್ಬಿಯಲ್ಲಿ ಮುಳ್ಳು ಇತ್ತಲ್ಲ, ನೋಡಬೇಕಾಗಿತ್ತಲ್ಲ ಅಂತ ನಾನು ರೇಗಿದರೆ, "ಭಾವಾ, ಹಾದಿ ನೋಡ್ಲ್ಯಾ, ಮುಳ್ಳು ನೋಡ್ಲ್ಯಾ?" ಅಂದ.

ಎರಡು ಸಾವಿರದ ದಶಕದ ನಡುವೆ ಚಿಂಚೋಳಿ ಕಡೆಯ ಗುಡ್ಡಗಳಲ್ಲಿ ಓಟ ಇಟ್ಟರು. ತಂಗಿ ಬೇಡವೇ ಬೇಡ ಅಂತ ಕುಂತಳು. ಆಗ ಅವನ ಪುಣೆಯ ಗೆಳೆಯರು ಒಂದು ಪೆಟ್ಟಿಗೆ ಕೊಟ್ಟರು. ಮೊಬೈಲಿನ ಹಾಗೆ ಅದರಲ್ಲೂ ಸಿಮ್ ಇತ್ತು. ಇಂಜಿನ್ ಎಷ್ಟು ಕಾದಿದೆ ಅನ್ನುವುದನ್ನು ಅದು ಕಾರಿನಿಂದ ಕಳಿಸುತ್ತಿತ್ತು. ದೂರ ಕುಳಿತವರಿಗೆ ಲ್ಯಾಪ್‌ಟಾಪಿನಲ್ಲಿ ಆ ಅಂಕಿ ಕಾಣುತ್ತಿತ್ತು. ನೂರೈದು ಡಿಗ್ರಿ ದಾಟಿದರೆ ಕಾರು ನಿಲ್ಲಿಸಲೇಬೇಕು. ತಂಗಿ ಯೋಚಿಸಿ ಯೋಚಿಸಿ ಕೊನೆಗೆ, "ಆ ಪರದಿ ಮುಂದ ಅಣ್ಣ ಕುಂತ್ರ ಹೋಗ್ರಿ. ಬ್ಯಾರೆ ಯಾರ ಕುಂತ್ರೂ ನಾ ಒಲ್ಲೆ" ಅಂದಳು. ಆ ಮಾತಿಗೆ ನನ್ನ ಎದೆ ಎಷ್ಟು ಉಬ್ಬಿತು ಅಂತ ಹೇಳಲು ಈಗ ನಾಚಿಕೆಯಾಗುತ್ತದೆ.

ಪೆಟ್ಟಿಗೆ ಕಾರಿನ ತಗಡಿನೊಳಗೆ ಇದ್ದರೆ ಸಿಗ್ನಲ್ ಹಿಡಿಯುವುದಿಲ್ಲ, ಹೊರಗೆ ಆಂಟೆನಾ ಬೇಕು. ಗುಲ್ಬರ್ಗಾಕ್ಕೆ ಹೋದೆ. ಅಂಗಡಿಯವನು ಎರಡು ತೋರಿಸಿದ. ಒಂದು ಗೇಣುದ್ದದ ಗಿಡ್ಡ ಆಂಟೆನಾ, ಬುಡದಲ್ಲಿ ಅಯಸ್ಕಾಂತ, ಕಾರಿನ ನೆತ್ತಿಗೆ ಅಂಟಿಸುವುದು. ಇನ್ನೊಂದು ನನ್ನ ಸೊಂಟದವರೆಗೆ ಬರುವ ಉದ್ದದ್ದು, ಹಿಂದಿನ ಬಂಪರಿಗೆ ಕಟ್ಟುವುದು.

"ಸಣ್ಣದ ತಗೋರಿ ಸಾಹೇಬ್ರ," ಅಂದ ಅಂಗಡಿಯವನು. "ಇದು ಕಂದೀಲು ಇದ್ದಂಗ, ಸುತ್ತಲೂ ಬೆಳಕು. ಉದ್ದಂದು ಬ್ಯಾಟರಿ ಇದ್ದಂಗ, ದೂರ ಹೋಗ್ತದ ಖರೇ, ನೆಟ್ಟಗ ನಿಂತಾಗ ಅಷ್ಟೇ. ಗಾಡಿ ವಾಲಿತಂದ್ರ ಬೆಳಕು ನೆಲಕ್ಕರ ಬೀಳ್ತದ, ಮುಗಿಲಿಗರ ಬೀಳ್ತದ."

"ನಾ ಆಂಟೆನಾ ನಿಂದ್ರಸಾಕತ್ತು ಹದಿನೈದು ವರ್ಷ ಆಯ್ತು. ನನಗ ಹೇಳ್ಲಿಕ್ಕ ಬರ್ಬ್ಯಾಡ್ರಿ," ಅಂದೆ. ಉದ್ದದ್ದೇ ಕಟ್ಟಿಸಿಕೊಂಡು ಬಂದೆ.

ಶಹಾಬಾದಿನಲ್ಲಿ ಕಲ್ಲಿನ ಪಾಲಿಶ್ ಯಾರ್ಡುಗಳ ಮಗ್ಗುಲಲ್ಲಿ ಕಾರು ನಿಲ್ಲಿಸಿ ನೋಡಿದೆವು. ಸಿಗ್ನಲ್ ಭರ್ತಿ. ಚಿತ್ತಾಪುರದಿಂದ ಸೇಡಂವರೆಗೆ ಡಾಂಬರು ರಸ್ತೆಯಲ್ಲಿ ಓಡಿಸಿದೆವು. ಒಂದು ಅಂಕಿಯೂ ತಪ್ಪಲಿಲ್ಲ. ಆ ಬೋಳು ಬಯಲಿನಲ್ಲಿ ತಪ್ಪುವುದಾದರೂ ಹೇಗೆ! ನಾನೋ, ಸಿಕ್ಕವರಿಗೆಲ್ಲ ಅಂಗಡಿಯವನ ಕಂದೀಲಿನ ಕಥೆ ಹೇಳಿ ನಗಿಸಿದೆ.

ಓಟದ ದಿನ ಹತ್ತು ಗಂಟೆಗೇ ಬಿಸಿಲು ಕೆಂಡ. ಗುಡ್ಡ ಸುತ್ತಿ ಹಳ್ಳಕ್ಕೆ ಇಳಿದು ಮತ್ತೆ ಮೇಲೆ ಬರುವ ಹಾದಿ, ಒಟ್ಟು ಮೂರು ಸುತ್ತು. ಪ್ರತಿ ಸುತ್ತಿನ ಕೊನೆಗೆ ಕಾರು ನಮ್ಮ ಪೆಂಡಾಲಿನ ಮುಂದೆಯೇ ಹಾದು ಹೋಗುತ್ತಿತ್ತು. ಅಂಕಿ ಏರಿದರೆ ನಾನು ಹಳದಿ ಬಟ್ಟೆ ಬೀಸಬೇಕು, ಅವನು ಪಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗಂತ ಮಾತಾಗಿತ್ತು. ತಂಗಿ ನನ್ನ ಎದುರು ಕುರ್ಚಿಯಲ್ಲಿ ಕುಳಿತಿದ್ದಳು. ಲ್ಯಾಪ್‌ಟಾಪಿನ ಬೆನ್ನು ಅವಳ ಕಡೆಗಿತ್ತು.

ಮೊದಲ ಸುತ್ತು. ಎಂಬತ್ತೆಂಟು. ತೊಂಬತ್ತು. ತೊಂಬತ್ತೆರಡು.

"ಎಷ್ಟದ ಅಣ್ಣಾ?"

"ತೊಂಬತ್ತೆರಡು. ಆರಾಮ ಅದ."

ಕಾರು ಧೂಳೆಬ್ಬಿಸಿಕೊಂಡು ಮುಂದೆ ಹಾದು ಹೋಯಿತು. ಆಂಟೆನಾ ಎಮ್ಮೆಯ ಬಾಲದ ಹಾಗೆ ಅತ್ತಿತ್ತ ಬಡಿದಾಡುತ್ತಿತ್ತು. ಎರಡನೇ ಸುತ್ತಿಗೆ ಕಾರು ಹಳ್ಳಕ್ಕೆ ಇಳಿಯಿತು. ಅಂಕಿ ತೊಂಬತ್ತೆರಡರಲ್ಲೇ ನಿಂತಿತು. ಒಳ್ಳೆಯದೇ ಆಯಿತು ಅಂದುಕೊಂಡೆ. ಆಮೇಲೆ ಅಂಕಿಯ ಪಕ್ಕದ ಸಮಯ ನೋಡಿದೆ. ಅದೂ ನಿಂತಿತ್ತು. ಪರದೆ ಮೇಲಿದ್ದದ್ದು ನಾಲ್ಕು ನಿಮಿಷ ಹಿಂದಿನ ಬಿಸಿ.

ವೈರು ಅಲುಗಾಡಿಸಿದೆ. ಲ್ಯಾಪ್‌ಟಾಪು ಎತ್ತಿ ಇಟ್ಟೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಈಗ ಎಷ್ಟದ?"

ಇಲ್ಲಿ ನಾನು ಏನು ಹೇಳಬೇಕಾಗಿತ್ತು ಅಂತ ಸಣ್ಣ ಮಗುವಿಗೂ ಗೊತ್ತು. ನನ್ನ ಬಾಯಿಂದ ಬಂದದ್ದು, "ತೊಂಬತ್ತೆರಡು."

"ಅಷ್ಟೇ ಅದ? ಏರಿಲ್ಲ?"

"ಇಲ್ಲವ್ವಾ ತಾಯಿ. ಸುಮ್ನ ಕುಂದ್ರು."

"ರಾಯರು ದೊಡ್ಡವರು," ಅಂತ ಅವಳು ಕಣ್ಣು ಮುಚ್ಚಿ ಕೈ ಮುಗಿದಳು. ಇನ್ನೇನು ಅಂಕಿ ಬರುತ್ತದೆ, ಕಾರು ಮೇಲೆ ಬಂದರೆ ಸಿಗ್ನಲ್ ಹಿಡಿಯುತ್ತದೆ ಅಂತ ನಾನು ಕಾದೆ. ಕಾರು ಮೇಲೆ ಬಂತು. ಅಂಕಿ ಬರಲಿಲ್ಲ, ಬಡಿದಾಡಿ ಬಡಿದಾಡಿ ಆಂಟೆನಾ ಒಂದು ಕಡೆಗೆ ಬಾಗಿಬಿಟ್ಟಿತ್ತು. ಹಳದಿ ಬಟ್ಟೆ ನನ್ನ ತೊಡೆಯ ಮೇಲಿತ್ತು. ಬೀಸಿದರೆ ಅವನ ಓಟ ಹಾಳು, ಅವನು ಎರಡನೆಯವನಾಗಿ ಓಡುತ್ತಿದ್ದ. ಯಾಕೆ ನಿಲ್ಲಿಸಿದಿರಿ ಅಂತ ಕೇಳಿದರೆ ನನ್ನ ಆಂಟೆನಾ ಕೈಕೊಟ್ಟಿತು ಅಂತ ಎಲ್ಲರ ಮುಂದೆ ಹೇಳಬೇಕು. ಓಟದ ಮಾತು ನೆಪ ಅಷ್ಟೇ. ನನಗೆ ಇದ್ದದ್ದು ಈ ಎರಡನೆಯದರ ಹೆದರಿಕೆ. ಬಟ್ಟೆ ಹಿಡಿದ ಕೈ ಏಳಲಿಲ್ಲ. ಕಾರು ಹಾದು ಹೋಯಿತು.

ಮೂರನೇ ಸುತ್ತಿನಲ್ಲಿ ಬೇರೆ ಕಾರುಗಳೆಲ್ಲ ಬಂದವು. ನಮ್ಮದು ಬರಲಿಲ್ಲ.

ತಂಗಿ ಎದ್ದು ನಿಂತಳು. ಏನೂ ಕೇಳದೆ ಟೇಬಲ್ ಸುತ್ತಿ ಬಂದು ಪರದೆ ನೋಡಿದಳು. ತೊಂಬತ್ತೆರಡು ಅಲ್ಲೇ ಇತ್ತು. ಅಷ್ಟರಲ್ಲಿ ಹಳ್ಳದ ಕಡೆಯಿಂದ ಯಾರೋ ಕೂಗಿದರು. ನಾವಿಬ್ಬರೂ ಓಡಿದೆವು. ಚಪ್ಪಲಿ ಎಲ್ಲಿ ಬಿದ್ದವೋ ನೆನಪಿಲ್ಲ. ಕಾರಿನಿಂದ ಹಬೆ ಏಳುತ್ತಿತ್ತು. ಅವನನ್ನು ಹೊರಗೆ ತೆಗೆದು ಬಂಡೆಯ ಮೇಲೆ ಕೂರಿಸಿದ್ದರು. ಮತ್ತೆ ಅದೇ ಪೈಪು, ಈ ಸಲ ಎರಡೂ ಕಾಲು. ಬೂಟು ಬಿಚ್ಚಿದಾಗ ಚರ್ಮವೂ ಜೊತೆಗೆ ಬಂತು. ಅವನು ಹಲ್ಲು ಕಚ್ಚಿಕೊಂಡು, "ಬಟ್ಟಿ ಬೀಸ್ಲಿಲ್ಲಲ್ಲ ಭಾವಾ, ಅದಕ್ಕ ಗಾಡಿ ಹೊಡದೆ" ಅಂದ. ಬೈದದ್ದಲ್ಲ ಅದು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚಿಂಚೋಳಿ ಆಸ್ಪತ್ರೆಯಲ್ಲಿ, ಆಮೇಲೆ ಗುಲ್ಬರ್ಗಾದಲ್ಲಿ, ತಂಗಿ ನನ್ನ ಜೊತೆ ಔಷಧಿ, ಊಟ, ಬಸ್ಸಿನ ಮಾತು ಬಿಟ್ಟು ಇನ್ನೇನೂ ಆಡಲಿಲ್ಲ. ಆಂಟೆನಾ ಬಗ್ಗೆ ನಾನೇ ತಪ್ಪೊಪ್ಪಿಕೊಂಡೆ. ಅಂಗಡಿಯವನು ಹೇಳಿದ್ದು, ನಾನು ಕೇಳದೆ ಹೋದದ್ದು, ಕಾರು ವಾಲಿದಾಗೆಲ್ಲ ಸಿಗ್ನಲ್ ತಪ್ಪಿದ್ದು, ಎಲ್ಲ ಹೇಳಿದೆ. ಅವಳು ಹಾಲಿನ ಲೋಟ ತೊಳೆಯುತ್ತಾ ಕೇಳಿಸಿಕೊಂಡಳು, ಅಷ್ಟೇ.

ಶ್ರಾವಣ ಬಂತು. ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆತರಲು ಪ್ರತಿ ವರ್ಷದ ಹಾಗೆ ಸೇಡಂಗೆ ಹೋದೆ. ಗಂಡ ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದ, ನನ್ನನ್ನು ಕಂಡು ನಕ್ಕ. ತಂಗಿ ಚಹಾ ತಂದು ಕೊಟ್ಟು ಎದುರಿಗೆ ಕುಳಿತಳು.

"ಆಂಟೆನಾ ತಪ್ಪಿತು, ಅದು ಯಾರ ಕೈಯಾಗೂ ತಪ್ಪತದ," ಅಂದಳು. "ನನಗ ಕಾಣಸವಲ್ದು ಅಂತ ಒಂದ್ ಮಾತ ಅಂದಿದ್ರ ಸಾಕಿತ್ತಣ್ಣಾ. ನಾನೇ ಓಡಿ ಹೋಗಿ ಗಾಡಿಗಿ ಅಡ್ಡ ನಿಂದಿರ್ತಿದ್ದೆ."

ಚಹಾ ಹಾಗೆಯೇ ಇಟ್ಟೆ. ತವರಿಗೆ ಹೊರಡಲು ಅವಳು ಬಟ್ಟೆ ಕಟ್ಟಿಕೊಂಡಿರಲಿಲ್ಲ. ನಾನು ನಡಿ ಅನ್ನಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಶಹಾಬಾದಿಗೆ ಹಿಂತಿರುಗಿದೆ.